ಅರಿಶಿನ ಹಚ್ಚಿದ ಕಾಲು

ಆ ಕೆಂದಾಕಳು ಎಡ ಹಿಂಗಾಲನ್ನು ಎತ್ತಿತ್ತೋ ಇಲ್ಲವೋ ಎಂಬುದು ನನಗೆ ಇಂದಿಗೂ ಖಚಿತವಿಲ್ಲ. ನೆನಪಿನಲ್ಲಿ ಎತ್ತುತ್ತದೆ. ಗೊರಸಿನ ತುದಿಯನ್ನಷ್ಟೇ ನೆಲಕ್ಕೆ ತಾಗಿಸಿ, ಭಾರ ಬಿಡದೆ ನಿಲ್ಲುತ್ತದೆ. ಆದರೆ ಅಂದು ತುಂಬಿದ ಫಾರಂನಲ್ಲಿ ‘ಕುಂಟುತನ’ ಎಂಬುದರ ಮುಂದೆ ನನ್ನದೇ ಕೈಬರಹದಲ್ಲಿ ‘ಇಲ್ಲ’ ಎಂದಿದೆ.

ವಿಶ್ವವಿದ್ಯಾಲಯದ ಒಂದು ಅಧ್ಯಯನಕ್ಕಾಗಿ ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಹಳ್ಳಿ ಹಳ್ಳಿ ತಿರುಗಿ, ಹೈನದ ಆಕಳುಗಳು ಎಷ್ಟು ಸುಖವಾಗಿವೆ ಎಂದು ಅಳೆಯುವುದು ನನ್ನ ಕೆಲಸವಾಗಿತ್ತು. ಮೈಮೇಲೆ ಸಗಣಿ ಒಣಗಿದೆಯೇ, ಪಕ್ಕೆಲುಬು ಕಾಣುತ್ತವೆಯೇ, ಕೈ ಚಾಚಿ ಹೋದರೆ ಎಷ್ಟು ದೂರದಲ್ಲಿ ಹಿಂಜರಿಯುತ್ತವೆ. ಕುಂಟುತನ ನೋಡಲು ಮಾತ್ರ ಆಕಳನ್ನು ಬಿಚ್ಚಿ ಹತ್ತು ಹೆಜ್ಜೆ ನಡೆಸಬೇಕು. ಅದು ನಿಯಮ.

ಹಿರೇಕೆರೂರಿನ ಹತ್ತಿರದ ಆ ಮನೆಯಲ್ಲಿ ಮೂರು ಆಕಳಿದ್ದವು. ಹಿಂದಿನ ದಿನ ಫೋನ್ ಮಾಡಿದ್ದೆ. ನಾನು ಹೋಗುವಷ್ಟರಲ್ಲಿ ಮನೆಯೊಡತಿ ಮೂರಕ್ಕೂ ಮೈ ತೊಳೆದು, ಮೊಣಕಾಲಿನಿಂದ ಗೊರಸಿನವರೆಗೆ ಅರಿಶಿನ ಬಳಿದಿದ್ದರು. ಹೊರಗಿನವರು ನೋಡಲು ಬಂದರೆ ದೃಷ್ಟಿಯಾಗಬಾರದೆಂದು ಅವರ ಮನೆಯ ಪದ್ಧತಿ.

ಕಟ್ಟೆಯ ಮೇಲೆ ಕುಳಿತಿದ್ದ ಆಕೆಯ ಗಂಡ ನಕ್ಕರು. “ಕನ್ಯಾ ನೋಡಾಕ ಬಂದಂಗ ಆತಲ್ರಿ ಸರ. ಸೀರಿ ಉಡಿಸೂದೊಂದು ಬಾಕಿ.”

“ನೀವು ಸುಮ್ನ ಕುಂದರ್ರಿ. ಒಂದು ಕೊಡ ನೀರರ ತಂದ್ರೇನು?” ಎಂದು ರೇಗಿದ ಆಕೆ ನನ್ನತ್ತ ತಿರುಗಿದರು. “ಈ ಕೆಂದಾಕಳ ನಿನ್ನಿಯಿಂದ ಮೇವು ಕಡಿಮಿ ಮಾಡೇತ್ರಿ. ಡಾಕ್ಟರನ್ನ ಕರಸಬೇಕೇನ್ರಿ?”

ಅರಿಶಿನದಡಿ ಏನೂ ಕಾಣುತ್ತಿರಲಿಲ್ಲ. ತೊಳೆಯಿರಿ ಎನ್ನಲು ಸಂಕೋಚ. ಬಿಚ್ಚಿ ನಡೆಸಿ ಎನ್ನಲು ಅವಸರ. ಮಧ್ಯಾಹ್ನದೊಳಗೆ ಇನ್ನೂ ಎರಡು ಮನೆ ಮುಗಿಸಬೇಕಿತ್ತು. ನಾನು ದನದ ಡಾಕ್ಟರನಲ್ಲ ಎಂದಾದರೂ ಹೇಳಬಹುದಿತ್ತು.

“ಚಲೋ ಐತಿ ಬಿಡ್ರಿ,” ಎಂದೆ.

ಆಕೆಯ ಮುಖ ಹಗುರಾಯಿತು. ಅದೊಂದು ಮಾತ್ರ ನನ್ನ ನೆನಪಿನಲ್ಲಿ ಎಂದೂ ಬದಲಾಗುವುದಿಲ್ಲ.

ತಿಂಗಳ ಮೇಲೆ ಎರಡನೇ ಭೇಟಿಗೆ ಹೋದಾಗ ಕೆಂದಾಕಳ ಗೂಟ ಖಾಲಿ ಇತ್ತು.

“ಕಾಲು ಬಾತು ಕೀವಾಗಿತ್ರಿ. ಕುಂತದ್ದು ಏಳಲೇ ಇಲ್ಲ,” ಎಂದರು ಆಕೆ. “ಡಾಕ್ಟರ್ ಬರೂದ್ರಾಗ ಮುಗದಿತ್ತು. ನೀವು ಚಲೋ ಐತಿ ಅಂದಿದ್ರಲ್ಲ, ನಾವೂ ತಡ ಮಾಡಿದ್ವಿ.” ದೂರುವ ದನಿಯಲ್ಲ. ನಡೆದದ್ದನ್ನು ಹೇಳಿದರು, ಅಷ್ಟೇ.

“ಯಾವ ಕಾಲು?”

“ಎಡ ಹಿಂಗಾಲು.”

ಕಾಲೆತ್ತಿ ನಿಂತ ಆಕಳು ನನ್ನ ತಲೆಯೊಳಗೆ ಬಂದದ್ದು ಈ ಮಾತಿಗಿಂತ ಮೊದಲೋ, ಆಮೇಲೋ? ಮೊದಲಾದರೆ ನಾನು ಕಂಡೂ ಸುಳ್ಳು ಬರೆದವನು. ಆಮೇಲಾದರೆ ನೋಡದೆಯೇ ಬರೆದವನು. ಯಾವುದೆಂದು ಎಷ್ಟು ಕೆದಕಿದರೂ ತಿಳಿಯುವುದಿಲ್ಲ. ಕೆದಕಿದಷ್ಟೂ ಆ ಕಾಲು ಇನ್ನಷ್ಟು ಸ್ಪಷ್ಟವಾಗುತ್ತದೆ. ಅದೇ ನನ್ನ ಸಂಶಯಕ್ಕೆ ಕಾರಣ.

ಉಳಿದೆರಡಕ್ಕೆ ಅಂದೂ ಅರಿಶಿನ ಬಳಿದಿತ್ತು. ಚರಿಗೆಯಲ್ಲಿ ನೀರು ಕೇಳಿ, ಕುಕ್ಕರಗಾಲಲ್ಲಿ ಕುಳಿತು ಒಂದೊಂದೇ ಕಾಲು ತೊಳೆದೆ.

“ಬ್ಯಾಡ್ರಿ ಸರ, ದೃಷ್ಟಿ ಆಗತೈತಿ,” ಎಂದರು ಆಕೆ.

ಬಿಡಲಿಲ್ಲ. ಗಾಯವಿರಲಿಲ್ಲ, ಬಾವೂ ಇರಲಿಲ್ಲ. ಎರಡನ್ನೂ ಬಿಚ್ಚಿಸಿ ಅಂಗಳದಲ್ಲಿ ನಡೆಸಿದೆ. ಮತ್ತೊಮ್ಮೆ ನಡೆಸಿದೆ. ಮತ್ತೂ ಒಮ್ಮೆ.

“ಎಷ್ಟು ಸಲ ತಿರುಗಸ್ತೀರಿ? ಏನಾಗೇತ್ರಿ ಇವಕ್ಕ?” ಗಂಡ ಕೇಳಿದರು. ಈ ಸಲ ನಗು ಇರಲಿಲ್ಲ.

“ನನಗೇನೂ ಕಾಣವಲ್ದು. ಆದ್ರೂ ಡಾಕ್ಟರಿಗೆ ತೋರಸ್ರಿ.”

ಅವರು ಫೋನ್ ತೆಗೆದರು. ಆಕೆ ಒಳಗಿನಿಂದ ಅರಿಶಿನದ ಬಟ್ಟಲು ತಂದು, ನನ್ನ ಕಣ್ಣು ಬಿದ್ದಿದ್ದ ಎಂಟೂ ಕಾಲುಗಳಿಗೆ, ನನ್ನೆದುರಿಗೇ, ಮತ್ತೆ ದಪ್ಪಗೆ ಬಳಿಯತೊಡಗಿದರು.