ಎಕ್ಸ್‌ಪೈರಿಯ ಮೇಲೆ ಮಾವನವರು

ಈ ಮನೆಯವರು ಮೆಚ್ಚಿ ತಂದುಕೊಂಡದ್ದು ನನ್ನ ಬಿ.ಫಾರ್ಮ್ ಸರ್ಟಿಫಿಕೇಟನ್ನು. ಜೊತೆಗೆ ನಾನೂ ಬಂದೆ. ಎಗ್ಮೋರಿನಲ್ಲಿ ಮಾವನವರದು ಔಷಧದ ಹೋಲ್‌ಸೇಲ್ ಅಂಗಡಿ. ಸುತ್ತಲಿನ ಮೆಡಿಕಲ್ ಶಾಪುಗಳಿಗೆ ಅಲ್ಲಿಂದಲೇ ಮಾಲು. ಲೈಸೆನ್ಸ್ ಬೇಕೆಂದರೆ ಫಾರ್ಮಸಿ ಓದಿದವರೊಬ್ಬರು ಜವಾಬ್ದಾರಿ ಹೊತ್ತು ಅಲ್ಲಿರಬೇಕು. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗಲ್ಲಾದ ಹಿಂದಿನ ಗೋಡೆಗೆ ಏರಿಸಿದರು, ನನ್ನನ್ನು ಅಣ್ಣಾ ನಗರದ ಮನೆಯ ಅಡುಗೆಮನೆಯಲ್ಲಿ ಇಳಿಸಿದರು. ನಾನೂ ಅಂಗಡಿಗೆ ಬರುತ್ತೇನೆ ಎಂದಾಗಲೆಲ್ಲ ಮಾವನವರು, "ನಮ್ಮನೆ ಹೆಣ್ಮಕ್ಕಳು ಅಂಗಡೀಲಿ ಕೂತ್ಕೊಳ್ಳೋದಾ? ಅದೆಲ್ಲ ವೇಂಡಾಂ" ಎನ್ನುತ್ತಿದ್ದರು. ಗೋಡೆಯ ಮೇಲೆ ಕೂತಿರುವುದಕ್ಕೆ ಅವರ ಅಭ್ಯಂತರವೇನೂ ಇರಲಿಲ್ಲ.

ಅರವತ್ತು ತುಂಬಿದಾಗ ಅವರಿಗೊಂದು ಆಸೆ ಹುಟ್ಟಿತು. ಈ ತಮಿಳು ಊರಿನಲ್ಲಿ ಕಿವಿ ಚುಚ್ಚಿಸಿಕೊಂಡ ಕೂಸಿನ ಮುಖವೂ ಬ್ಯಾನರಿನ ಮೇಲೆ ನಗುತ್ತದೆ, ತಮ್ಮದು ಮಾತ್ರ ಎಲ್ಲೂ ಇಲ್ಲ. ಸರಿ, ಸ್ಟಿಕ್ಕರ್ ಅಚ್ಚು ಹಾಕಿಸಿದರು: ಹಣೆ ತುಂಬ ವಿಭೂತಿ, ಮುಗಿದ ಕೈ, ಕೆಳಗೆ ಅಂಗಡಿಯ ಹೆಸರು. ಅಂಗಡಿಯಿಂದ ಹೊರಡುವ ಪ್ರತಿಯೊಂದು ಬಾಟಲಿಗೂ ಅದನ್ನು ಅಂಟಿಸಬೇಕೆಂದು ಅಪ್ಪಣೆಯಾಯಿತು. ಲೇಬಲ್ಲಿನ ತುಂಬ ಕಂಪನಿಯವರ ಬಣ್ಣದ ಅಕ್ಷರ. ಬೆಳ್ಳಗೆ ಕಾಣುತ್ತಿದ್ದದ್ದು ಒಂದೇ ಮೂಲೆ. ಅಲ್ಲಿ ಬ್ಯಾಚ್ ನಂಬರು, ಎಕ್ಸ್‌ಪೈರಿ ತಾರೀಖು ಸಣ್ಣದಾಗಿ ಒತ್ತಿದ್ದರು. ಮಾವನವರು ಅದರ ಮೇಲೆಯೇ ಪ್ರತಿಷ್ಠಾಪನೆಗೊಂಡರು.

ಮನೆಗೆ ತಂದ ಬಾಟಲಿಯನ್ನು ತಿರುಗಿಸಿ ನೋಡಿದೆ. "ಮಾವ, ತಾರೀಖು ಮುಚ್ಚಿಹೋಗಿದೆ. ಲೇಬಲ್ ಮರೆಮಾಡೋದು ಅಪರಾಧ, ಕೇಸಾಗುತ್ತೆ" ಎಂದೆ.

"ನನ್ನ ಮುಖಕ್ಕಿಂತ ದೊಡ್ಡ ಗ್ಯಾರಂಟಿ ಬೇಕೇನಮ್ಮಾ?" ಎಂದರು. ನನ್ನ ಗಂಡ ತಲೆಯೆತ್ತದೆ ಇನ್ನೊಂದು ಸೌಟು ಸಾಂಬಾರು ಹಾಕಿಸಿಕೊಂಡರು.

ಕೆಲವೇ ದಿನಗಳಲ್ಲಿ ಒಬ್ಬ ತಾಯಿ ಮೆಡಿಕಲ್ ಶಾಪಿನಲ್ಲಿ ಮಗುವಿನ ಜ್ವರದ ಸಿರಪ್ಪಿನ ತಾರೀಖು ಕೇಳಿದಳು. ಅಂಗಡಿಯವನು ಸ್ಟಿಕ್ಕರ್ ಕೆರೆದ. ಮಾವನವರ ಜೊತೆಗೆ ತಾರೀಖೂ ಕಿತ್ತುಬಂತು. ಅವಳು ಸುಮ್ಮನಿರದೆ ದೂರು ಕೊಟ್ಟಳು, ಪುಣ್ಯಾತ್ಗಿತ್ತಿ.

ಡ್ರಗ್ ಇನ್ಸ್‌ಪೆಕ್ಟರ್ ಎಗ್ಮೋರಿನ ಅಂಗಡಿಗೆ ಬಂದು ಬಾಟಲಿ ತಿರುಗಿಸಿ ತಿರುಗಿಸಿ ತಾರೀಖು ಎಲ್ಲಿದೆಯೆಂದು ಹುಡುಕಿ, "ಎಕ್ಸ್‌ಪೈರಿ ಎಂಗೆ ಸಾರ್?" ಎಂದರು. ಮಾಲು ಜಪ್ತಿಯಾಯಿತು. ಇಲ್ಲಿ ಜವಾಬ್ದಾರಿ ಯಾರದು ಎಂದು ಕೇಳಿದರಂತೆ. ತಮ್ಮನ್ನು ಕೇಳದೆ ಅಂಗಡಿಯಲ್ಲಿ ಒಂದು ಮಾತ್ರೆಯೂ ಅಲ್ಲಾಡುವುದಿಲ್ಲವೆಂದು ಮದುವೆಮನೆಗಳಲ್ಲಿ ಕೊಚ್ಚಿಕೊಳ್ಳುತ್ತಿದ್ದ ಮಾವನವರು ಗೋಡೆಯ ಕಡೆ ಬೆರಳು ತೋರಿಸಿದರಂತೆ. ಎಲ್ಲ ಸೊಸೆಯೇ ನೋಡಿಕೊಳ್ಳುವುದು, ತಾವು ಸುಮ್ಮನೆ ಬಂದು ಕಾಫಿ ಕುಡಿದು ಹೋಗುವವರು!

ಸಂಜೆ ಗಂಡ ವಕೀಲರ ಸಲಹೆ ಹೊತ್ತು ತಂದರು. "ನಿನ್ನ ಉಸ್ತುವಾರೀಲೇ ಅಂಟಿಸಿದ್ದು ಅಂತ ಒಂದು ಸೈನ್ ಹಾಕ್ಬಿಡು. ಹೆಂಗಸು ಅಂತ ಕೋರ್ಟು ಬಿಟ್ಟುಬಿಡತ್ತೆ. ಅಪ್ಪಂಗೆ ಬಿ.ಪಿ. ಬೇರೆ."

"ಬಿಡದೇ ಹೋದ್ರೆ ರೀ?"

ಅದನ್ನು ಅವರು ವಕೀಲರಲ್ಲಿ ಕೇಳಿರಲಿಲ್ಲ. ಜೈಲಾಗಬಹುದು, ಫಾರ್ಮಸಿ ರಿಜಿಸ್ಟ್ರೇಷನ್ ಹೋಗಬಹುದು ಎಂದು ನನಗೆ ಗೊತ್ತಿತ್ತು. ಭಯವಾಯಿತು. ಭಯಕ್ಕಿಂತ ಹೆಚ್ಚಾಗಿ ಮೈಯೆಲ್ಲ ಉರಿಯಿತು.

ಬೆಳಿಗ್ಗೆ ಮೆಟ್ರೋ ಹತ್ತಿ ಅಂಗಡಿಗೆ ಹೋದೆ. ಹೇಳಿಕೆ ಬರೆದುಕೊಳ್ಳಲು ಬಂದ ಇನ್ಸ್‌ಪೆಕ್ಟರಿಗೆ, ಮಾವನವರ ಎದುರಿಗೇ ಹೇಳಿದೆ: ಮದುವೆಯಾದ ಮೇಲೆ ಈ ಅಂಗಡಿಗೆ ನಾನು ಕಾಲಿಟ್ಟದ್ದು ಇವತ್ತೇ, ಅಂಟಿಸಬೇಡಿ ಎಂದೂ ಹೇಳಿದ್ದೆ. ಅವರು ಬರೆದುಕೊಂಡು, ಸರ್ಟಿಫಿಕೇಟನ್ನು ಇಲ್ಲಿಟ್ಟು ನೀವು ಮನೆಯಲ್ಲಿದ್ದದ್ದೂ ತಪ್ಪೇ ಅಲ್ಲವೇ ಅಮ್ಮಾ ಎಂದರು. ನಿಜ. ಮಾವನವರು ಮೊದಲನೇ ಆರೋಪಿ, ನಾನು ಎರಡನೆಯವಳು. ವ್ಯಾಪಾರದ ಯಾವುದೇ ಕಾಗದದಲ್ಲಿ ನನ್ನ ಹೆಸರು ಅವರ ಹೆಸರಿನ ಪಕ್ಕದಲ್ಲಿ ಬಂದದ್ದು ಅದೇ ಮೊದಲು.

ಅಂದು ನಾನು ಮನೆಗೆ ವಾಪಸು ಹೋಗಲಿಲ್ಲ, ಗಲ್ಲಾದ ಹಿಂದಿನ ಕುರ್ಚಿಯಲ್ಲಿ ಕೂತೆ. ಹೇಗೂ ಆರೋಪಿ, ಕೆಲಸವನ್ನಾದರೂ ಮಾಡೋಣ ಎಂದು. ಈಗಲೂ ಅಲ್ಲೇ ಕೂರುತ್ತೇನೆ. ಏಳಿಸುವ ಧೈರ್ಯ ಮನೆಯಲ್ಲಿ ಯಾರಿಗೂ ಬಂದಿಲ್ಲ.

ಕೋರ್ಟಿನಲ್ಲಿ ಮಾವನವರ ವಕೀಲರು, ತಮ್ಮ ಕಕ್ಷಿದಾರರಿಗೂ ಆ ಬಾಟಲಿಗೂ ಯಾವ ಸಂಬಂಧವೂ ಇಲ್ಲವೆಂದು ಬಹಳ ಹೊತ್ತು ವಾದಿಸಿದರು. ಮ್ಯಾಜಿಸ್ಟ್ರೇಟರು ಬಾಟಲಿಯನ್ನು ತರಿಸಿಕೊಂಡು ನೋಡಿದರು. ಆಮೇಲೆ ಕಟಕಟೆಯ ಕಡೆ ನೋಡಿದರು. ಮಾವನವರು ಹಣೆ ತುಂಬ ವಿಭೂತಿ ಹಚ್ಚಿಕೊಂಡು ಬಂದಿದ್ದರು, ಅಭ್ಯಾಸಬಲದಿಂದ ಕೈ ಮುಗಿದರು.