ಗುಡದಪ್ಪ ಟೇಲರ ಸೈಕಲ್ಲಿಗೆ ಅಂಗಿ ಹೊಲಿದದ್ದು

ನಮ್ಮ ಐರಣಿಯಲ್ಲಿ ಗುಡದಪ್ಪ ಟೇಲರ ಹೊಲಿದ ಜಂಪರನ್ನು ಹೇಳಿದ ದಿನಕ್ಕೆ ತೊಟ್ಟ ಹೆಂಗಸು ಹುಟ್ಟಿಲ್ಲ. ನಾನು ಅವನ ಎದುರುಮನೆಯವಳು, ಸುಳ್ಳು ಹೇಳುವುದಿಲ್ಲ. ಬಸುರಿಗೆ ಏಳನೆಯ ತಿಂಗಳಲ್ಲಿ ಕುಬಸ ಮಾಡುತ್ತಾರಲ್ಲ, ಆ ಕಾರ್ಯಕ್ಕೆಂದು ನಾನು ಹೊಲಿಯಲು ಕೊಟ್ಟ ಜಂಪರು ಕೈಗೆ ಬರುವಾಗ ನನ್ನ ಮಗ ಅಂಬೆಗಾಲಿಟ್ಟು ಹೊಸ್ತಿಲು ದಾಟುತ್ತಿದ್ದ. ಕೇಳಲು ಹೋದಾಗಲೆಲ್ಲ ಒಂದೇ ಮಾತು.

"ಬರೇ ಕಾಜಾ ಉಳದಾವ್ರಿ ವೈನಿ. ಕಾಜಾ ಹಾಕಿದ್ರ ಮುಗೀತು."

ಗುಂಡಿ ಸೇರಿಸುವ ಆ ತೂತುಗಳಿಗೆ ಅವನ ಅಂಗಡಿಯಲ್ಲಿ ಮುಕ್ತಿಯೇ ಇರಲಿಲ್ಲ. ಏಕೆಂದರೆ ಗುಡದಪ್ಪನಿಗೆ ಮಂದಿಯ ಬಟ್ಟೆಗಿಂತ ಸಾಮಾನಿಗೆ ಬಟ್ಟೆ ಹೊಲಿಯುವ ಹುಚ್ಚು. ರೇಡಿಯೋಕ್ಕೆ ಅಂಗಿ, ಬ್ಯಾಟರಿಗೆ ಚೀಲ, ತಂಬಿಗೆಗೆ ಟೊಪ್ಪಿಗೆ. ನಮ್ಮ ಜಂಪರುಗಳಲ್ಲಿ ಉಳಿದ ತುಂಡುಗಳೆಲ್ಲ ಆ ರೇಡಿಯೋದ ಮೈಮೇಲೆ ಇದ್ದವು. ಅದರಲ್ಲಿ ವಾರ್ತೆ ಕೇಳುವಾಗಲೆಲ್ಲ ನನಗೆ ನನ್ನ ಜಂಪರಿನ ಬಣ್ಣವೇ ಕಾಣುತ್ತಿತ್ತು, ಮೈ ಉರಿಯುತ್ತಿತ್ತು.

ಅವನಿಗೆ ದೇವರಂಥದ್ದು ಒಂದೇ, ಕತ್ತರಿ. ಅವನಪ್ಪ ಬಳಸಿದ ಭಾರವಾದ ಕತ್ತರಿ ಅದು. ಅದರಿಂದ ಬಟ್ಟೆ ಬಿಟ್ಟು ಬೇರೇನನ್ನೂ ಕತ್ತರಿಸುವಂತಿಲ್ಲ. ಒಮ್ಮೆ ಅವನ ತಾಯಿ ಮೈಲವ್ವ ಕಡಲೆಬೇಳೆ ಪೊಟ್ಟಣದ ದಾರವನ್ನು ಅದರಿಂದ ಕತ್ತರಿಸಿದ್ದಕ್ಕೆ ಹೊತ್ತು ಮುಳುಗುವ ತನಕ ಉಣ್ಣದೆ ಕೂತಿದ್ದ. ಆಮೇಲೆ ಎರಡೂಟ ಸೇರಿಸಿ ಉಂಡ, ಆ ಮಾತು ಬೇರೆ.

ಇಂಥವನ ಕೈಗೆ ತೊಂಬತ್ತನಾಲ್ಕರ ಬೇಸಿಗೆಯಲ್ಲಿ ಒಂದು ಗೇರ್ ಸೈಕಲ್ಲು ಬಂತು. ರಾಣೆಬೆನ್ನೂರಿನಲ್ಲಿ ಯೂಸುಫಸಾಬರ ಸೈಕಲ್ ಅಂಗಡಿಯ ಮೂಲೆಯಲ್ಲಿ ಅದು ಬಹಳ ದಿನ ನಿಂತೇ ಇತ್ತು. ದಪ್ಪ ಟಾಯರು, ನೆಟ್ಟಗಿನ ಹ್ಯಾಂಡಲ್ಲು, ಹಿಂದಿನ ಗಾಲಿಗೆ ಹಲ್ಲಿನ ಚಕ್ರಗಳ ಗೊಂಚಲು. ಗುಡ್ಡ ಹತ್ತಲಿಕ್ಕೆಂದೇ ಮಾಡಿದ್ದಂತೆ. ಆದರೆ ಮಡಗಾರ್ಡ್ ಇಲ್ಲ, ಕ್ಯಾರಿಯರ್ ಇಲ್ಲ, ಸ್ಟ್ಯಾಂಡ್ ಇಲ್ಲ, ಚೈನ್ ಕವರೂ ಇಲ್ಲ. ನೋಡಿದವರೆಲ್ಲ ಇನ್ನೂ ಪೂರಾ ಮಾಡಿಲ್ಲ ಎಂದುಕೊಂಡು ಹೋಗುತ್ತಿದ್ದರು. ಗುಡದಪ್ಪ ಮಾತ್ರ ನಿಂತು ಅದರ ಡಂಡಿ ಸವರಿದ.

"ಯೂಸುಫ ಚಾಚಾ, ಪಾಪ ಇದನ್ನ ಬರಿಮೈಲೆ ನಿಂದ್ರಿಸೀರಲ್ಲ!"

"ಅದರ ಜಾತಿನ ಹಂಗ ಐತಿ ಟೇಲರ ಮಾಸ್ತರ. ಅದಕ್ಕೇನೂ ಹಾಕಬಾರದಂತ."

"ಊರಾಗ ಮಂದಿ ಏನಂದಾರು? ಎಲ್ಲಾ ಹಾಕ್ರಿ."

ಯೂಸುಫಸಾಬರು ತಲೆ ಚಚ್ಚಿಕೊಂಡರು. ಬೇರೆ ಸೈಕಲ್ಲಿನ ಸಾಮಾನು ಇದಕ್ಕೆ ಕೂಡಬೇಕಲ್ಲ? ಕೂಡಲಿಲ್ಲ. ಕಡೆಗೆ ಮಡಗಾರ್ಡು, ಕ್ಯಾರಿಯರು, ಚೈನ್ ಕವರು ಎಲ್ಲವನ್ನೂ ತಂತಿಯಿಂದ ಬಿಗಿದು ಕಟ್ಟಿಕೊಟ್ಟರು. ಉಳಿದದ್ದನ್ನು ಗುಡದಪ್ಪ ಊರಿಗೆ ತಂದು ಮುಗಿಸಿದ. ಸೀಟಿಗೆ ಗೊಂಡೆಯ ಟೊಪ್ಪಿಗೆ, ನಡುವಿನ ಡಂಡಿಗೆ ಮಖಮಲ್ಲಿನ ಅಂಗಿ, ಹ್ಯಾಂಡಲ್ಲಿಗೆ ತೋಳು. ಗೇರಿಗೆ ಧೂಳು ಕೂಡಬಾರದೆಂದು ಅದಕ್ಕೂ ಲಾಡಿ ಬಿಗಿಯುವ ಒಂದು ಚೀಲ. ಲಾಡಿ ಬಿಗಿದ ಮೇಲೆ ಗೇರು ಇದ್ದಲ್ಲಿಂದ ಕದಲುವಂತಿರಲಿಲ್ಲ. ಹೀಗೆ ಗುಡ್ಡ ಹತ್ತುವ ಸೈಕಲ್ಲನ್ನು ತಂದು, ಊರಿನ ಎಲ್ಲ ಸೈಕಲ್ಲಿಗಿಂತ ಭಾರವಾದ ಸೈಕಲ್ಲನ್ನಾಗಿ ಮಾಡಿದ. ಆ ಗೊಂಡೆಗಳಲ್ಲಿ ನನ್ನ ಜಂಪರಿನ ಹಸಿರು ಇತ್ತು.

ಇನ್ನು ಅವನ ತಂಗಿ ಹೊಳಿಯವ್ವನ ಮಾತು. ಅವಳನ್ನು ಗುಡ್ಡದಾಚೆಯ ಊರಿಗೆ ಕೊಟ್ಟಿತ್ತು. ಪಂಚಮಿಗೆ ಅಣ್ಣನಾದವನು ಉಂಡಿ ತೆಗೆದುಕೊಂಡು ಹೋಗಿ ಕರೆದರೇ ತಂಗಿ ತವರಿಗೆ ಬರಬೇಕು. ಬಸ್ಸು ಮನೆ ಮುಂದೆ ನಿಂತರೂ ತಾನಾಗಿ ಹತ್ತಿ ಬರುವ ಹಾಗಿಲ್ಲ. ಆದರೆ ಪಂಚಮಿ ಬಂತೆಂದರೆ ಇಡೀ ಊರಿನ ಜಂಪರು ಗುಡದಪ್ಪನ ಕೊರಳಿಗೆ ಬೀಳುತ್ತವೆ. ಸೈಕಲ್ಲು ಬಂದದ್ದರ ಹಿಂದಿನ ವರ್ಷ ಹೊಳಿಯವ್ವ ಚೀಲ ಕಟ್ಟಿಕೊಂಡು, ತಲೆ ಹಿಕ್ಕಿಕೊಂಡು, ಬಾಗಿಲಲ್ಲಿ ನಿಂತೇ ಇದ್ದಳು. ಓಣಿಯ ಜೋಕಾಲಿಗಳನ್ನೆಲ್ಲ ಬಿಚ್ಚಿದ ಮರುದಿನ ಅಣ್ಣ ಹೋಗಿ, "ಕಾಜಾ ಇದ್ದೂವು ತಂಗೀ" ಎಂದ. ಅವಳು ಒಳಗೆ ಹೋಗಿ ಅತ್ತಳು. ಅವಳ ನೆಗೆಣ್ಣಿ, ಅಂದರೆ ಓರಗಿತ್ತಿ, ಫಕ್ಕೀರವ್ವನಂತೂ ವರ್ಷವಿಡೀ, ಪಾತ್ರೆ ತಿಕ್ಕುವಾಗ, ರೊಟ್ಟಿ ಬಡಿಯುವಾಗ, "ನಿಮ್ಮಣ್ಣನ ಕಾಜಾ ಮುಗದೂವೇನ?" ಎಂದು ಕೇಳಿದಳು. ಈ ಸಲ ಅತ್ತೆ ಕಡ್ಡಿ ಮುರಿದ ಹಾಗೆ ಹೇಳಿದ್ದಳು. ಪಂಚಮಿ ಶುರುವಾಗುವುದೇ ರೊಟ್ಟಿ ಹಬ್ಬದಿಂದ, ಆ ದಿನ ಮಧ್ಯಾಹ್ನದೊಳಗೆ ಅಣ್ಣ ಬಂದರೆ ಸರಿ, ಇಲ್ಲವಾದರೆ ಹಬ್ಬ ಇಲ್ಲೇ, ಇನ್ನು ಮುಂದೆ ಪ್ರತಿ ವರ್ಷವೂ ಇಲ್ಲೇ.

ರೊಟ್ಟಿ ಹಬ್ಬದ ಬೆಳಿಗ್ಗೆ ಮೈಲವ್ವ ಉಂಡಿಯ ಡಬ್ಬಿ ಕೈಗಿಟ್ಟು ಮಗನನ್ನು ಅಂಗಡಿಯಿಂದ ಹೆಚ್ಚುಕಡಿಮೆ ನೂಕಿಯೇ ಹೊರಗೆ ಹಾಕಿದಳು. ತಂಗಿಗೆಂದು ಹೊಲಿದ ಜಂಪರೂ ಅವನ ಚೀಲದಲ್ಲಿತ್ತು. ಕಾಜಾ ಉಳಿದಿದ್ದವು ಎಂದು ಬೇರೆ ಹೇಳಬೇಕೇ? ಅಲ್ಲೇ ಹೋಗಿ ಹಾಕಿದರಾಯಿತೆಂದು ಸೂಜಿ, ದಾರ, ಕತ್ತರಿಯನ್ನೂ ಇಟ್ಟುಕೊಂಡ.

ಬಸ್ ಸ್ಟ್ಯಾಂಡಿಗೆ ಹೋದರೆ ಬಸ್ಸೇ ಇಲ್ಲ. ರಾತ್ರಿಯ ಮಳೆಗೆ ಹಳ್ಳ ಬಂದು ರಸ್ತೆ ಮುಳುಗಿತ್ತು. ಉಳಿದದ್ದು ಒಂದೇ ದಾರಿ, ಹೊಳೆದಂಡೆಯ ಜವುಗು ದಾಟಿ ಗುಡ್ಡ ಹತ್ತಿ ಇಳಿಯುವುದು. ಗುಡದಪ್ಪ ಮನೆಗೆ ಬಂದು, ಅಂಗಿ ತೊಟ್ಟ ಸೈಕಲ್ಲನ್ನು ಹೊರಗೆ ತೆಗೆದು, ಗೊಂಡೆ ಸರಿಮಾಡಿ ಹತ್ತಿದ. ನಾವೆಲ್ಲ ಕಟ್ಟೆಯ ಮೇಲೆ ನಿಂತು ನೋಡಿದೆವು. ಇಲ್ಲಿಂದ ಮುಂದಿನದ್ದು ಅಣ್ಣ ತಂಗಿ ಬೇರೆ ಬೇರೆಯಾಗಿ ಹೇಳಿದ್ದು. ಅಣ್ಣ ಹೇಳಿದ್ದರಲ್ಲಿ ನಾನು ಅರ್ಧ ಮಾತ್ರ ನಂಬಿದ್ದೇನೆ.

ತುಂಗಭದ್ರೆಯ ನೀರು ಹೊಲಗಳಿಗೆ ಏರಿ ಇಳಿದಿತ್ತು. ಜೊಂಡಿನ ನಡುವೆ ಬೆಳ್ಳಕ್ಕಿಗಳು ನಿಂತಿದ್ದವು. ನೆಲವೆಲ್ಲ ಎರೆಮಣ್ಣು. ಆ ಮಣ್ಣಿನ ಗುಣ ನಮಗೆ ಗೊತ್ತು, ಹಸಿಯಾದರೆ ಕಾಲಿನ ಚಪ್ಪಲಿಯನ್ನೂ ವಾಪಸು ಕೊಡುವುದಿಲ್ಲ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಗಾಲಿಗೂ ಮಡಗಾರ್ಡಿಗೂ ನಡುವೆ ಮಣ್ಣು ತುಂಬಿ, ಗಾಲಿ ತಿರುಗುವುದನ್ನೇ ಬಿಟ್ಟಿತು. ಕಡ್ಡಿಯಿಂದ ಕೆರೆದ. ಮತ್ತೆ ತುಂಬಿತು. ಕಡೆಗೆ ಸೈಕಲ್ಲನ್ನೇ ಹೆಗಲ ಮೇಲೆ ಹೊತ್ತ. ಹಳದಿ ಗೊಂಡೆ ಒಂದು ಮೂಗಿನ ಮೇಲೆ ಜೋತಾಡುತ್ತಿತ್ತು. ಎದುರಿಗೆ ಎಮ್ಮೆ ಮೇಯಿಸುತ್ತಿದ್ದ ಲಕ್ಕಪ್ಪ ಎಂಬ ಮುದುಕ ಸಿಕ್ಕಿದ.

"ಯಾಕೋ ತಮ್ಮಾ, ಸೈಕಲ್ಲಿಗೆ ಆರಾಮಿಲ್ಲೇನ?"

"ಹಂಗೇನಿಲ್ಲ ಕಾಕಾ. ಮಡಗಾರ್ಡಿನ್ಯಾಗ ರಾಡಿ ತುಂಬೇತಿ."

"ರಾಡಿ ಹಾರಬಾರದಂತ ಹಾಕೂದು ಅದನ್ನ. ಈಗ ರಾಡಿನ ಹಿಡಕೊಂಡು ಕುಂತೈತಿ. ಕಿತ್ತ ಒಗಿಯೋ!"

ಗುಡ್ಡದ ಬುಡದಲ್ಲಿ ಗುಡದಪ್ಪ ಸೈಕಲ್ಲು ಇಳಿಸಿದ. ಹೊತ್ತು ನೆತ್ತಿಯ ಹತ್ತಿರ ಬಂದಿತ್ತು. ಕೈಯಿಂದ ಜಗ್ಗಿದ. ಯೂಸುಫಸಾಬರು ಕಟ್ಟಿದ ತಂತಿ ಅಲುಗಲಿಲ್ಲ. ಕಲ್ಲಿನಿಂದ ಜಜ್ಜಿದ, ಹೆಬ್ಬೆರಳು ಜಜ್ಜಿತು. ಚೀಲದಲ್ಲಿದ್ದದ್ದು ಅಪ್ಪನ ಕತ್ತರಿ ಒಂದೇ. ಅದನ್ನು ಕೈಯಲ್ಲಿ ಹಿಡಿದು ಅಲ್ಲೇ ಕೂತನಂತೆ. ಬಾಗಿಲಲ್ಲಿ ಚೀಲ ಹಿಡಿದು ನಿಂತ ತಂಗಿ ಕಣ್ಣ ಮುಂದೆ ಬಂದಳಂತೆ. ಇದನ್ನು ಮಾತ್ರ ನಾನು ಪೂರಾ ನಂಬುತ್ತೇನೆ, ಏಕೆಂದರೆ ಇದನ್ನು ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ.

ಕಣ್ಣು ಮುಚ್ಚಿ ತಂತಿ ಕತ್ತರಿಸಿದ. ಕಟ್ ಎಂದು ಕತ್ತರಿಯ ಅಲಗು ಮುಕ್ಕಾಯಿತು, ಬಾಯಿಯ ಹಲ್ಲು ಮುರಿದ ಹಾಗೆ. ಒಂದು ಹಲ್ಲು ಹೋದ ಮೇಲೆ ಇನ್ನೇನು ಎಂದು ಮಡಗಾರ್ಡು, ಚೈನ್ ಕವರು, ಕ್ಯಾರಿಯರು, ಗೇರಿನ ಚೀಲ, ಸೀಟಿನ ಗೊಂಡೆ ಎಲ್ಲವನ್ನೂ ಕತ್ತರಿಸಿ ಒಗೆದ. ಆಮೇಲೆ ಹತ್ತಿ ತುಳಿದ. ಗೇರು ಕಟಕಟ ಎಂದು ಬದಲಾಯಿತು, ಪೆಡಲು ಹಗುರಾಯಿತು, ಕಲ್ಲಿನ ದಾರಿಯಲ್ಲಿ ಸೈಕಲ್ಲು ಆಡಿನ ಮರಿಯಂತೆ ಹತ್ತತೊಡಗಿತು. ಗುಡದಪ್ಪ ಗುಡ್ಡದ ಮೇಲೆ ಒಬ್ಬನೇ ಹೋ ಎಂದು ಕೂಗಿದ. ಇಳಿಯುವಾಗಲೂ ಕೂಗಿದ, ಆದರೆ ಅದು ಬೇರೆ ನಮೂನೆಯ ಕೂಗು.

ಹೊಳಿಯವ್ವನ ಅತ್ತೆಯ ಮನೆಯಲ್ಲಿ ಮಧ್ಯಾಹ್ನದ ರೊಟ್ಟಿ ಇನ್ನೂ ಹಂಚಿನ ಮೇಲಿದ್ದಾಗ ಅಂಗಳಕ್ಕೆ ಒಂದು ಮಣ್ಣಿನ ಮುದ್ದೆ ಬಂದು ಬಿತ್ತು. ಅದು ಎದ್ದು ನಿಂತು ಡಬ್ಬಿ ಮುಂದೆ ಚಾಚಿತು. ಫಕ್ಕೀರವ್ವ ಡಬ್ಬಿ ತೆರೆದು ನೋಡಿದಳು. ಶೇಂಗಾ ಉಂಡಿ, ಎಳ್ಳು ಉಂಡಿ, ರವೆ ಉಂಡಿ ಎಲ್ಲ ಕೂಡಿ ಒಂದೇ ಪುಡಿಯಾಗಿತ್ತು.

"ಇದ್ಯಾವ ಉಂಡಿ ಅಣ್ಣಾರ?"

"ಬಿಡಿ ಉಂಡಿರೀ. ಈಗ ಪ್ಯಾಟ್ಯಾಗ ಹಿಂಗ ಕೊಡತಾರ. ಬೇಕಾದಷ್ಟು ದೊಡ್ಡದು ನೀವ ಕಟಗೋಬಹುದು."

ಅತ್ತೆಯೇ ನಕ್ಕುಬಿಟ್ಟಳು. "ಕರಕೊಂಡು ಹೋಗಪಾ" ಎಂದಳು. ಹೊಳಿಯವ್ವ ಚೀಲ ಹಿಡಿದು ಹೊರಗೆ ಬಂದು, ಕೂರಲು ಸೈಕಲ್ಲಿನ ಹಿಂದೆ ಹೋದಳು. ಹಿಂದೆ ಏನೂ ಇರಲಿಲ್ಲ.

"ಅಣ್ಣಾ, ಕ್ಯಾರಿಯರ್ ಎಲ್ಲಿ?"

"ಗುಡ್ಡದ ಆಚಿಕಡೆ ಐತಿ."

"ನನ್ನ ಕರಿಯಾಕ ಬಂದಾಂವ, ನಾ ಕುಂದ್ರೂದನ್ನ ಒಗದು ಬಂದೀಯಲ್ಲೋ!"

ಗುಡ್ಡ ಹತ್ತುವ ತನಕ ಅವಳು ಬೈದಳು, ಅವನು ಸೈಕಲ್ಲು ತಳ್ಳಿದ. ನೆತ್ತಿಯಲ್ಲಿ ದಣಿವಾರಿಸಿಕೊಳ್ಳಲು ಕೂತು, ಅವಳ ಜಂಪರಿಗೆ ಕಾಜಾ ಹಾಕುತ್ತೇನೆಂದು ಕತ್ತರಿ ತೆಗೆದ. ಹೊಳಿಯವ್ವ ಅದರ ಬಾಯಿ ನೋಡಿದಳು. ಕೈಗೆ ತೆಗೆದುಕೊಂಡು ಹಲ್ಲು ಮುರಿದ ಜಾಗವನ್ನು ಬೆರಳಿನಿಂದ ಮುಟ್ಟಿದಳು. ಅವಳಿಗೆ ಅಪ್ಪನ ಕತ್ತರಿ ಗೊತ್ತು, ಅಣ್ಣನೂ ಗೊತ್ತು.

"ನನ್ನ ಸಲುವಾಗಿ ಇದರಿಂದ ತಂತಿ ಕತ್ತರಿಸಿದೇನಣ್ಣಾ?"

"ಹೋಗಲಿ ಬಿಡ ತಂಗೀ. ಹೋದ ವರ್ಷ ನೀ ಅತ್ತಿದ್ದಿಯಲ್ಲ."

ಆಮೇಲೆ ಅವಳು ಬೈಯಲಿಲ್ಲ. ಕಣ್ಣು ಒರೆಸಿಕೊಂಡು, ಸೀರೆಗೆ ಕಚ್ಚೆ ಹಾಕಿ, "ಸೈಕಲ್ ಇಲ್ಲಿ ಕೊಡು" ಎಂದಳು. ಚಿಕ್ಕವಳಿದ್ದಾಗ ಅಪ್ಪನ ಸೈಕಲ್ಲಿನ ಡಂಡಿಯ ಕೆಳಗೆ ಕಾಲು ತೂರಿಸಿ ಕಲಿತವಳು ಅವಳು. ಅಣ್ಣ ಬ್ಯಾಡ ಬ್ಯಾಡ ಎನ್ನುವಷ್ಟರಲ್ಲಿ ಇಳಿಜಾರಿನಲ್ಲಿ ಹೋಗೇಬಿಟ್ಟಳು. ಲಕ್ಕಪ್ಪ ಕಾಕಾನ ಎಮ್ಮೆಗಳು ದಾರಿ ಬಿಟ್ಟವು. ಜವುಗಿನಲ್ಲಿ ಬೆಳ್ಳಕ್ಕಿಗಳೆಲ್ಲ ಒಮ್ಮೆಲೇ ಎದ್ದವು.

ನಾವು ಕಟ್ಟೆಯ ಮೇಲೇ ಇದ್ದೆವು. ಹೊಳಿಯವ್ವ ತಲೆಯವರೆಗೂ ಕೆಸರಾಗಿ, ಹಲ್ಲು ಬಿಟ್ಟುಕೊಂಡು, ಓಣಿಯಲ್ಲಿ ಬಂದಿಳಿದಳು. ಮೈಲವ್ವ ಗಾಬರಿಯಾಗಿ ಓಡಿ ಬಂದಳು.

"ನಿನ್ನ ಕರಿಯಾಕ ಹೋಗಿದ್ನಲ್ಲ, ನಿಮ್ಮಣ್ಣ ಎಲ್ಲಿ?"

"ನಾನ ಅವನ್ನ ಕರಕೊಂಡು ಬಂದೇನವ್ವಾ. ಹಿಂದ ಬರಾಕತ್ತಾನ."

ದೀಪ ಹಚ್ಚುವ ಹೊತ್ತಿಗೆ ಗುಡದಪ್ಪ ಬಂದ. ಕೊರಳಿಗೆ ಮಡಗಾರ್ಡು, ಬಗಲಲ್ಲಿ ಚೈನ್ ಕವರು, ತಲೆಯ ಮೇಲೆ ಕ್ಯಾರಿಯರು, ಕೈಯಲ್ಲಿ ಗೊಂಡೆಗಳು.

ಹಬ್ಬ ಮುಗಿಸಿ ಹೋಗುವಾಗ ಹೊಳಿಯವ್ವ ಸೈಕಲ್ಲನ್ನು ತನ್ನ ಜೊತೆಗೇ ಒಯ್ದಳು, ಬರಿಮೈಯಲ್ಲೇ. ಮುಂದಿನ ಪಂಚಮಿಗೆ ಅವಳು ಹೊರಟಾಗ ಫಕ್ಕೀರವ್ವ ಅಡ್ಡ ನಿಂತು, ಕರೆಯಲು ಯಾರು ಬಂದಿದ್ದಾರೆ ಎಂದು ಕೇಳಿದಳಂತೆ. "ಅಣ್ಣನ ಸೈಕಲ್ ಬಂದು ಬಾಗಲದಾಗ ನಿಂತೈತಿ, ಕಾಣವಲ್ದೇನ?" ಎಂದು ಹತ್ತಿ ಬಂದಳು. ಬರುವಾಗ ಅಣ್ಣನಿಗೊಂದು ಹೊಸ ಕತ್ತರಿ ತಂದಳು.

ಹೊಸ ಕತ್ತರಿಗೆ ಗುಡದಪ್ಪ ಅಂಗಿ ಹೊಲಿದು ಗೋಡೆಗೆ ತೂಗುಹಾಕಿದ್ದಾನೆ. ಬಟ್ಟೆ ಕತ್ತರಿಸುವುದು ಈಗಲೂ ಹಲ್ಲು ಮುರಿದ ಹಳೆಯದರಿಂದಲೇ. ಹಾಗಾಗಿ ಐರಣಿಯ ಹೆಂಗಸರೆಲ್ಲರ ಜಂಪರಿನ ಅಂಚಿನಲ್ಲೂ ಎಲ್ಲೋ ಒಂದು ಕಡೆ ಎಳೆ ಕಿತ್ತಿರುತ್ತದೆ. ನನ್ನದರಲ್ಲೂ ಇದೆ. ಬೈಯಬೇಕೆಂದು ಹೋಗಿ, ಆ ಕತ್ತರಿಯನ್ನು ನೋಡಿ ಸುಮ್ಮನೆ ಬಂದಿದ್ದೇನೆ. ಇನ್ನೊಂದು ಜಂಪರು ಹೊಲಿಯಲು ಕೊಟ್ಟೂ ಬಂದಿದ್ದೇನೆ. ಕಾಜಾ ಅಷ್ಟೇ ಉಳಿದಿವೆಯಂತೆ.