ಹಾಡಿಗೂ ಹಾಡಿಗೂ ನಡುವಿನ ಮುಕಿದ್

ಗಂಡನ ಬಾಯಿ ಮುಚ್ಚಿಸುವುದೇ ಸುಲಿಯಾಳ ಹೊಟ್ಟೆಪಾಡು. ಪೂರ್ವ ಜಾವಾದ ಮೊಜೊಕೆರ್ತೊ ಸುತ್ತಮುತ್ತಲ ಹೆಂಗಸರಿಗೆ ಇದನ್ನು ಕಂಡರೆ ಹೊಟ್ಟೆಕಿಚ್ಚು. ಅದೇ ಕೆಲಸವನ್ನು ಅವರೂ ಮಾಡುತ್ತಾರೆ, ಆದರೆ ಬಿಟ್ಟಿಯಾಗಿ, ಅದೂ ಫಲವಿಲ್ಲದೆ.

ಗಂಡ ಮುಕಿದ್ ‘ಸಂಬಲ್ ಜಯ’ ದಾಂಗ್‌ದುತ್ ವಾದ್ಯಮೇಳದ ನಿರೂಪಕ. ಮದುವೆಯಿರಲಿ, ಸುನ್ನತಿಯಿರಲಿ, ಯಾರೋ ಹೊಸ ಲಾರಿ ತಂದ ಸಂಭ್ರಮವಿರಲಿ, ಮಧ್ಯಾಹ್ನ ವೇದಿಕೆ ಹತ್ತಿದವನು ಹೊತ್ತು ಮುಳುಗುವ ತನಕ ಇಳಿಯುವ ಪೈಕಿಯಲ್ಲ. ಹಾಡುಗಾರ್ತಿ ನೀರು ಕುಡಿಯಲು ತಿರುಗಿದಳೋ ಇಲ್ಲವೋ, ಮೈಕು ಇವನ ಕೈಯಲ್ಲಿ. ಇಂಥ ಊರಿನ ಇಂಥವರಿಂದ ಇಂಥವರಿಗೆ ಸಲಾಂ, ಗೊಬ್ಬರದಂಗಡಿಯವರಿಗೆ ಸಲಾಂ, ಬಿಟ್ಟು ಹೋದವಳಿಗೂ ಒಂದು ಸಲಾಂ. ನಡುವೆ ಅತ್ತೆಯ ಮೇಲೆ ಅದೇ ಹಳಸಲು ಜೋಕು. ಜನ ಪ್ರತಿ ಸಲವೂ ಹೊಸದಾಗಿ ಕೇಳಿದವರ ಹಾಗೆ ನಗುತ್ತಾರೆ, ಅದೇನು ಕರ್ಮವೋ.

ಇಡೀ ಕಾರ್ಯಕ್ರಮದ ಉದ್ದನೆಯ ರೆಕಾರ್ಡಿಂಗು ಮಾರನೆಯ ದಿನ ಸುಲಿಯಾಳ ಹಳೇ ಕಂಪ್ಯೂಟರಿಗೆ ಬರುತ್ತದೆ. ಅದನ್ನು ಒಂದೊಂದೇ ಹಾಡಾಗಿ ಬಿಡಿಸುವುದು ಅವಳ ಕೆಲಸ. ಊರವರು ಅವಳನ್ನು ಸುಲಿ ಎನ್ನುತ್ತಾರೆ. ಕನ್ನಡದಲ್ಲಿ ಆ ಹೆಸರು ಅವಳಿಗೆ ಇನ್ನೂ ಚೆನ್ನಾಗಿ ಒಪ್ಪುತ್ತದೆ. ಎಲ್ಲಿ ಸದ್ದು ನಿಲ್ಲುತ್ತದೋ ಅಲ್ಲಿ ತಾನೇ ಕತ್ತರಿಸಿ ಕೊಡುತ್ತೇನೆ ಎನ್ನುತ್ತದೆ ಸಾಫ್ಟ್‌ವೇರು. ಪಾಪ, ಅದಕ್ಕೇನು ಗೊತ್ತು? ಈ ಸೀಮೆಯಲ್ಲಿ ಜನರೇಟರ್ ಕೆಟ್ಟರೆ ಮಾತ್ರ ಸದ್ದು ನಿಲ್ಲುವುದು. ಹಾಡು ಮುಗಿದರೂ ಕೀಬೋರ್ಡಿನವನು ಬಿಡುವುದಿಲ್ಲ, ಕೆಂದಾಂಗ್ ಡೋಲು ಬಾರಿಸುವವನೂ ಬಿಡುವುದಿಲ್ಲ, ಮುಕಿದನಂತೂ ಸುತರಾಂ ಬಿಡುವುದಿಲ್ಲ.

ಹಾಗಾಗಿ ಸುಲಿ ಕಣ್ಣಿನಲ್ಲೇ ಕತ್ತರಿಸುತ್ತಾಳೆ. ಪರದೆಯ ಮೇಲೆ ಸದ್ದೆಲ್ಲ ಗೆರೆಗಳಾಗಿ ಕಾಣುತ್ತದೆ: ಹಾಡೆಂದರೆ ಒತ್ತಾಗಿ ತುಂಬಿದ ಗೋಡೆ. ಗಂಡನ ಮಾತೆಂದರೆ ಹಲ್ಲು ಮುರಿದ ಬಾಚಣಿಗೆ. ಬಾಚಣಿಗೆಯ ಮೇಲೆ ಮೌಸ್ ಎಳೆದು ಅಳಿಸಿಬಿಡುವುದು. ಆಮೇಲೆ ಹೆಡ್‌ಫೋನ್ ಹಾಕಿಕೊಂಡು ಹಾಡಿನ ತಲೆ ಬಾಲ ಮಾತ್ರ ಕೇಳುವುದು: ಕೆಂದಾಂಗಿನ ಮೊದಲ ಪೆಟ್ಟು ಮುಕ್ಕಾಗಬಾರದು, ಹಾಡುಗಾರ್ತಿಯ ಉಸಿರು ತುಂಡಾಗಬಾರದು. ಮೂಲ ರೆಕಾರ್ಡಿಂಗು ಮಾತ್ರ ಹಾಗೇ ಇರುತ್ತದೆ, ಮೇಳದ ಯಜಮಾನ ಪಾಕ್ ದರ್ಮಾಜಿಯ ಅಪ್ಪಣೆ. ಬಿಡಿ ಹಾಡುಗಳು ಮೆಮೊರಿ ಕಾರ್ಡು ಹತ್ತಿ ಜಿಲ್ಲೆಯ ಬಸ್ಸು ಲಾರಿಗಳಿಗೆಲ್ಲ ಹೋಗುತ್ತವೆ.

ಕೆಲಸದಲ್ಲಿ ಸ್ವಲ್ಪ ಸೇಡೂ ಇತ್ತೆನ್ನಿ. ಅವಳ ಅಪ್ಪನನ್ನು ಮಣ್ಣು ಮಾಡಿದ ದಿನ ಮುಕಿದ್ ಯಾರದೋ ಮದುವೆಯಲ್ಲಿ ಜನರನ್ನು ನಗಿಸುತ್ತಿದ್ದ. ಎಲ್ಲ ಮುಗಿದ ಮೇಲೆ ಬಂದವನು ತಪ್ಪಾಯಿತು ಅನ್ನಲಿಲ್ಲ, ಕಾಫಿ ಇದೆಯಾ ಎಂದು ಕೇಳಿದ. ಊರಿಗೆಲ್ಲ ಸಲಾಂ ಹಂಚುವ ಈ ಮನುಷ್ಯನಿಗೆ ಹೆಂಡತಿಗೊಂದು ಮಾತು ಹೇಳಲು ಬಾಯಿಲ್ಲ. ಅವತ್ತಿನಿಂದ ಅವಳು ಆ ಬಾಚಣಿಗೆಗಳನ್ನು ಹಲ್ಲು ಕಚ್ಚಿಕೊಂಡು ಅಳಿಸುತ್ತ ಬಂದಳು.

ಒಮ್ಮೆ ಮುಕಿದ್ ಜೊಂಬಾಂಗಿಗೆ ಬಸ್ಸಿನಲ್ಲಿ ಹೊರಟಿದ್ದ. ಡ್ರೈವರು ‘ಸಂಬಲ್ ಜಯ’ ಹಾಕಿದ. ಮೇಳದ ಕಾರ್ಡನ್ನು ಅಲ್ಲಿಯವರೆಗೆ ಒಮ್ಮೆಯೂ ಕೇಳಿರದ ಮುಕಿದನ ಎದೆ ಉಬ್ಬಿತು. ತನ್ನ ದನಿ ಈಗ ಬರುತ್ತದೆ, ಆಗ ಬರುತ್ತದೆ ಎಂದು ಕಾದ. ಹಾಡಿನ ಬೆನ್ನಿಗೆ ಹಾಡೇ ಬಂತು. ಕೊನೆಗೆ ತಡೆಯಲಾರದೆ ಕೇಳಿದ.

“ಈ ಮೇಳದಲ್ಲಿ ಮಾತಾಡೋನು ಒಬ್ಬ ಇದಾನಲ್ಲ, ಹೆಂಗೆ?”

“ಮಾತಾಡೋನಾ? ಇದ್ರಲ್ಲಿ ಅಂಥ ಪೀಡೆ ಇಲ್ಲ ಅಣ್ಣಾ, ಬರೀ ಹಾಡು. ಅದಕ್ಕೇ ತಗೊಂಡಿದ್ದು,” ಎಂದ ಡ್ರೈವರು.

ಮುಕಿದ್ ಮುಂದಿನ ನಿಲ್ದಾಣದಲ್ಲೇ ಇಳಿದು ಮನೆಗೆ ಬಂದ.

“ಸುಲಿ, ನಾನೆಲ್ಲಿ ಹೋದೆ?”

“ಎಲ್ಲಿ ಅಂದ್ರೆ? ಎದುರಿಗೇ ಇದೀರಲ್ಲ ಕಾಂಗ್.” ಗಂಡನನ್ನು ಅವಳು ಕರೆಯುವುದೇ ಕಾಂಗ್ ಎಂದು.

“ಕಾರ್ಡಿನಲ್ಲಿ! ಒಂದೇ ಒಂದು ಮಾತೂ ಬಿಟ್ಟಿಲ್ವಲ್ಲೇ!”

“ನಿಮ್ಮ ಮಾತೂ ಸೇರಿಸಿದ್ರೆ ಕಾರ್ಡು ಸಾಲಲ್ಲ, ಲಾರಿನೇ ಬೇಕಾಗುತ್ತೆ.”

“ನೀನಾದ್ರೂ ಕೇಳಿದ್ಯಾ?”

“ಮನೇಲಿ ಕೇಳೋದು ಸಾಲ್ದಾ?”

ಅಷ್ಟೇ. ಮುಕಿದ್ ಮಾತು ಬಿಟ್ಟ. ಮೇಳವನ್ನೂ ಬಿಡುತ್ತೇನೆಂದು ಪಾಕ್ ದರ್ಮಾಜಿಗೆ ಹೇಳಿಬಂದ. ಎಲ್ಲಿಂದಲೋ ತುಕ್ಕು ಹಿಡಿದ ಬಾಕ್ಸೊ ಗಾಡಿ ತಂದು ಅಂಗಳದಲ್ಲಿ ನಿಲ್ಲಿಸಿ, ಇನ್ನು ಮುಂದೆ ಮಾಂಸದುಂಡೆ ಮಾರುವುದೆಂದು ಅದನ್ನು ಉಜ್ಜುತ್ತ ಕೂತ. ಮನೆ ಸದ್ದಿಲ್ಲದಾಯಿತು. ಮೊದಮೊದಲು ಸುಲಿಗೆ ಹಾಯೆನಿಸಿತು. ಆಮೇಲೆ ಆ ಮೌನ ಅವಳನ್ನು ತಿನ್ನತೊಡಗಿತು.

ಅಷ್ಟರಲ್ಲಿ ಪಾಕ್ ದರ್ಮಾಜಿ ಓಡಿಬಂದ.

“ಸುಲಿ, ಹೋದ ವಾರದ ಮದುವೆ ರೆಕಾರ್ಡಿಂಗು ಇದೆಯೇನಮ್ಮ? ಗಂಡಿನ ಸೋದರಮಾವ ತನ್ನ ಸಲಾಂ ಓದೇ ಇಲ್ಲ ಅಂತ ಬೀಗರ ಮೇಲೆ ಕತ್ತಿ ಮಸೀತಿದಾನೆ. ಮುಕಿದ್ ಓದಿರೋದು ಹುಡುಕಿ ಕೊಡು, ನಿನ್ನ ಪುಣ್ಯ!”

ಸುಲಿ ಗೊಣಗುತ್ತ ಹೆಡ್‌ಫೋನ್ ಏರಿಸಿದಳು. ಮದುವೆಯಾದಾಗಿನಿಂದ ಮೊದಲ ಸಲ ಬಾಚಣಿಗೆಗಳನ್ನು ಕಿವಿಯಿಂದ ಕೇಳಿದಳು. ಸೋದರಮಾವನ ಸಲಾಂ ಇತ್ತು, ಹೆಸರು ತಪ್ಪಾಗಿತ್ತು, ಇರಲಿ. ಅದರ ಬೆನ್ನಿಗೇ ಮುಕಿದ್ ಹೇಳಿದ:

“ಕೊನೇದಾಗಿ ಒಂದು ಸಲಾಂ, ಮುಕಿದ್‌ನಿಂದ ಸುಲಿಯಾಗೆ. ನಿನ್ನೆ ಮೀನು ಉಪ್ಪಾಗಿದೆ ಅಂತ ತಟ್ಟೆ ತಳ್ಳಿದೆ. ಉಪ್ಪಾಗಿರಲಿಲ್ಲ ಕಣೆ. ತಪ್ಪಾಯ್ತು. ನಾಳೆ ನೀನು ಇದನ್ನ ಕೇಳ್ತೀಯ ಅಂತ ಗೊತ್ತು. ಈಗ ಹಾಡು!”

ಸುಲಿಯ ಕೈ ಮೌಸಿನ ಮೇಲೇ ನಿಂತಿತು. ಹಿಂದಿನ ರೆಕಾರ್ಡಿಂಗು ತೆರೆದಳು. “ನಿಮ್ಮಮ್ಮನ್ನ ಎಮ್ಮೆ ಅಂದಿದ್ದು ನನ್ನ ತಪ್ಪು ಸುಲಿ. ಎಮ್ಮೆ ಅಷ್ಟು ಮಾತಾಡಲ್ಲ.” ಅದರ ಹಿಂದಿನದರಲ್ಲೂ ಒಂದು ತಪ್ಪೊಪ್ಪಿಗೆ. ಕೊನೆಗೆ ಅಪ್ಪ ಸತ್ತ ಮೇಲಿನ ಮೊದಲ ಕಾರ್ಯಕ್ರಮವನ್ನು ತೆರೆದಳು.

“ಸುಲಿ, ನಿಮ್ಮಪ್ಪನ ಮಣ್ಣಿಗೆ ನಾನಿರಲಿಲ್ಲ. ಸುದ್ದಿ ಬಂದಾಗ್ಲೂ ಸ್ಟೇಜಿಂದ ಇಳೀಲಿಲ್ಲ, ನಗಿಸ್ತಾ ನಿಂತಿದ್ದೆ. ತಪ್ಪಾಯ್ತು ಸುಲಿ. ದೊಡ್ಡ ತಪ್ಪಾಯ್ತು.”

ಯಾರೂ ನಗಲಿಲ್ಲ. ಕೆಂದಾಂಗಿನವನು ಒಂದು ಪೆಟ್ಟು ತಡವಾಗಿ ಎತ್ತಿಕೊಂಡ. ಆ ತಡವಾದ ಪೆಟ್ಟು ಸುಲಿಗೆ ಚೆನ್ನಾಗಿ ನೆನಪಿತ್ತು. ಅವತ್ತು ಅದಕ್ಕಾಗಿ ಅವನಿಗೆ ಹಿಡಿಶಾಪ ಹಾಕಿದ್ದಳು. ಹಾಕಿ, ಅದರ ಹಿಂದಿನದನ್ನೆಲ್ಲ ಅಳಿಸಿದ್ದಳು. ಈಗ ಕುರ್ಚಿಯಲ್ಲೇ ಕೂತು ಗೊಳೋ ಎಂದು ಅತ್ತಳು. ಪಾಕ್ ದರ್ಮಾಜಿ ಸೋದರಮಾವನ ಸಲಾಂ ಸಿಗಲಿಲ್ಲವೆಂದುಕೊಂಡು ತಲೆಯ ಮೇಲೆ ಕೈ ಹೊತ್ತ.

ಸುಲಿ ಅಂಗಳಕ್ಕೆ ಬಂದಳು. ಮುಕಿದ್ ಗಾಡಿಯ ದೊಡ್ಡ ಪಾತ್ರೆಯೊಳಗೆ ತಲೆ ಹಾಕಿ ಉಜ್ಜುತ್ತಿದ್ದ.

“ಅಪ್ಪಂದು ಕೇಳಿದೆ.”

ಉಜ್ಜುವುದು ನಿಂತಿತು. “ಈಗ್ಲಾ?”

“ಈಗ. ಇದನ್ನೆಲ್ಲ ಮುಖಕ್ಕೆ ಹೇಳ್ಬಾರ್ದಿತ್ತಾ?”

“ನಿನ್ನ ಮುಖ ನೋಡಿದ್ರೆ ನಾಲಿಗೆ ಏಳಲ್ಲ ಕಣೆ. ಸಾವಿರ ಜನ ಎದುರಿಗಿದ್ರೆ ಧೈರ್ಯ,” ಎಂದ ಮುಕಿದ್ ಪಾತ್ರೆಯೊಳಗಿಂದಲೇ. “ಮಾರನೇ ದಿನ ನೀನು ಏನಾದ್ರೂ ಅಂತೀಯೇನೋ ಅಂತ ಕಾಯ್ತಿದ್ದೆ. ನೀನು ತುಟಿ ಬಿಚ್ತಿರ್ಲಿಲ್ಲ. ಕೇಳಿದಾಳೆ, ಕ್ಷಮಿಸಿಲ್ಲ ಅಂದ್ಕೊಂಡು, ಮುಂದಿನ ಸಲ ಮತ್ತೆ ಹೇಳ್ತಿದ್ದೆ.”

“ಒಂದನ್ನೂ ಕೇಳಿಲ್ಲ ಕಾಂಗ್. ಕಣ್ಣಲ್ಲಿ ನೋಡಿ ಕತ್ತರಿಸಿ ಎಸೀತಿದ್ದೆ. ತಪ್ಪಾಯ್ತು.”

ಮುಕಿದ್ ಪಾತ್ರೆಯಿಂದ ತಲೆ ಹೊರಗೆ ತೆಗೆದ. ಮೂಗಿನ ಮೇಲೆ ಮಸಿ, ಕಣ್ಣು ತುಂಬ ನೀರು.

“ಪಾತ್ರೆ ಒಳಗೆ ಸರಿಯಾಗಿ ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳು.”

ಅವಳು ಹೇಳಿದಳು. ಪಕ್ಕದ ಮನೆಯವಳು ಗುಡಿಸುವುದನ್ನು ನಿಲ್ಲಿಸಿ ಬೇಲಿಯ ಹತ್ತಿರ ಬರುವಷ್ಟು ಜೋರಾಗಿ ಹೇಳಿದಳು.